ಅಪ್ಪನ .315 ರೈಫಲ್: ಕ್ಲೀನ್ ಮಾಡಿದ ಬೋಲ್ಟ್ ವಾಪಸ್ ಕೂರಿಸುವ ಕೆಲಸ

ಚುನಾವಣೆ ಮುಗಿಯಿತು, ಅದಕ್ಕೆಂದು ಡೆಪಾಸಿಟ್ ಇಟ್ಟಿದ್ದ ರೈಫಲ್ ತಿಪಟೂರಿನ ಮನೆಗೆ ವಾಪಸ್ ಬಂತು. ಈ ಸಲ ಮೇಲೆ ಮೇಲೆ ಒರೆಸಿ ಇಡುವುದು ಬೇಡ, ಬೋಲ್ಟ್ (ಗುಂಡನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆಗೆದು ಪೂರ್ತಿ ಕ್ಲೀನ್ ಮಾಡೋಣ ಎಂದು ಶುರು ಮಾಡಿದೆ. ಬಿಚ್ಚುವುದು ಸುಲಭ. ಜೋಡಿಸುವಾಗಲೇ ಗಮನ ಬೇಕು. ಹೊಸದಾಗಿ ಲೈಸೆನ್ಸ್ ತೆಗೆದುಕೊಂಡವರಿಗೆ ಉಪಯೋಗವಾಗಲಿ ಎಂದು ಆ ಭಾಗವನ್ನೇ ಜಾಸ್ತಿ ಬರೆಯುತ್ತಿದ್ದೇನೆ.

ಇದು ಇಛಾಪುರ ಫ್ಯಾಕ್ಟರಿಯ .315 ಸ್ಪೋರ್ಟಿಂಗ್ ರೈಫಲ್. ಒಳಗಿನ ಯಂತ್ರ ಬ್ರಿಟಿಷ್ ಸೈನ್ಯದ ಹಳೆಯ ಲೀ-ಎನ್‌ಫೀಲ್ಡ್ ರೈಫಲ್ ಮಾದರಿಯದ್ದೇ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ಗುಂಡು ಜನರ ಕೈಗೆ ಸಿಗಬಾರದು ಎಂದು ಬೇರೆ ಅಳತೆಯ ಗುಂಡು ಬಂತು. ಇವತ್ತಿಗೂ .303 ನಮಗೆ ನಿಷಿದ್ಧ. ಅಪ್ಪನಿಗೆ ವಯಸ್ಸಾದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂದಿದೆ.

ಮೊದಲ ಭಾನುವಾರ

ಗುಂಡುಗಳೆಲ್ಲ ಒಳಗಿನ ಕೋಣೆಯ ಬೀರುವಿನಲ್ಲಿ, ಬೀಗದೊಳಗೆ. ಕ್ಲೀನ್ ಮಾಡುವ ಚಾಪೆಯ ಹತ್ತಿರ ಒಂದೂ ಇರಕೂಡದು. ಮ್ಯಾಗಜೀನ್ ತೆಗೆದು, ಬೋಲ್ಟ್ ಹಿಂದಕ್ಕೆ ಎಳೆದು, ಚೇಂಬರ್ (ನಳಿಗೆಯ ಹಿಂದೆ ಗುಂಡು ಕೂರುವ ಜಾಗ) ಖಾಲಿ ಇದೆಯಾ ಎಂದು ಕಣ್ಣಲ್ಲೂ ನೋಡಿದೆ, ಕಿರುಬೆರಳಲ್ಲೂ ಮುಟ್ಟಿ ನೋಡಿದೆ.

ಬೋಲ್ಟ್ ಹೆಡ್, ಅಂದರೆ ಬೋಲ್ಟಿನ ಮುಂದಿನ ತುಂಡು, ಬಿಚ್ಚಿದರೆ ಒಳಗೆ ಹಳದಿ ಬಣ್ಣದ ಅಂಟು. ಹಳೇ ಕೊಬ್ಬರಿ ಎಣ್ಣೆ! ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಬೆಳಗಿನ ಹೊತ್ತು ಬಾಟಲಿಯಲ್ಲೇ ಗಟ್ಟಿಯಾಗಿರುತ್ತೆ, ಅಲ್ವಾ? ಅದೇ ಬೋಲ್ಟ್ ಒಳಗೆ ಹೆಪ್ಪುಗಟ್ಟಿದರೆ ಸ್ಟ್ರೈಕರ್ (ಗುಂಡಿನ ಹಿಂಭಾಗಕ್ಕೆ ಬಡಿಯುವ ಸೂಜಿ) ನಿಧಾನವಾಗಿ ಹೋಗಿ ಬಡಿಯುತ್ತೆ. ಗುಂಡು ಹಾರದೇ ಇರಬಹುದು.

ಅಪ್ಪ ಜಗಲಿಯಿಂದಲೇ ಹೇಳಿದರು, "ಕೊಬ್ಬರಿ ಎಣ್ಣೇನೇ ಹಾಕೋ, ನಾವೆಲ್ಲ ಅದನ್ನೇ ಹಾಕ್ತಿದ್ದದ್ದು."

"ಬೇಡ ಅಪ್ಪಾ, ಚಳಿಗೆ ಗಟ್ಟಿಯಾಗಿಬಿಟ್ಟಿದೆ, ನೀವೇ ನೋಡಿ," ಎಂದು ಬೋಲ್ಟ್ ತೋರಿಸಿದೆ. ಬೆರಳಲ್ಲಿ ಉಜ್ಜಿ ನೋಡಿ, "ಹೌದಲ್ಲೋ," ಎಂದರು.

ಬೋಲ್ಟನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಅಲುಗಾಡಿಸಿ, ಸುರಿದು, ಮತ್ತೆ ನೆನೆಸಿದೆ. ಸ್ಟ್ರೈಕರ್ ಮತ್ತು ಸ್ಪ್ರಿಂಗ್ ಬಿಚ್ಚಲಿಲ್ಲ. ಅದಕ್ಕೆ ಬೇರೆ ಟೂಲ್ ಬೇಕು, ಹೊಸಬರು ಅದರ ತಂಟೆಗೆ ಹೋಗುವುದೇ ಬೇಡ. ಮರದ ಭಾಗವನ್ನೂ ಬಿಚ್ಚಬೇಡಿ. ನಳಿಗೆ ಮರದಲ್ಲಿ ಹೇಗೆ ಕೂತಿದೆ ಅನ್ನೋದರ ಮೇಲೆ ಗುರಿ ನಿಂತಿರುತ್ತೆ.

ಮುಂದಿನ ಭಾನುವಾರ: ಜೋಡಣೆ

ಬೋಲ್ಟ್ ಒಣಗಿತ್ತು. ಹೊಲಿಗೆ ಮಷಿನ್ ಎಣ್ಣೆ ತೆಳ್ಳಗೆ ಸವರಿದೆ. ಹನಿ ಬೀಳುವಷ್ಟು ಬೇಡ.

ಬೋಲ್ಟ್ ಹಾಕುವ ಮೊದಲು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದೆ. ಇದು ಬಿಡಲೇಬಾರದ ಕೆಲಸ. ಒರೆಸಿದ ಬಟ್ಟೆ ತುಂಡು ಒಳಗೇ ಉಳಿದಿದ್ದರೆ, ಅದರ ಮೇಲೆ ಗುಂಡು ಹಾರಿಸಿದರೆ ನಳಿಗೆ ಸೀಳಬಹುದು. ಕೊನೆಗೆ ಒಂದು ಒಣ ಬಟ್ಟೆ ದಾಟಿಸಿ ಒಳಗಿನ ಎಣ್ಣೆ ತೆಗೆದೆ.

ಈಗ ಬೋಲ್ಟ್ ಹೆಡ್. ಇದು ತಿರುಪಿನಂತೆ ಬೋಲ್ಟ್ ಒಳಗೆ ಕೂರುತ್ತೆ. ಪೂರ್ತಿ ಒಳಗೆ ಹೋಗುವ ತನಕ ಕೈಯಲ್ಲೇ ತಿರುಗಿಸಿ, ಬೋಲ್ಟ್ ಮೈಮೇಲಿರುವ ಉದ್ದನೆಯ ಏಣಿನ ಸಾಲಿಗೆ ಹೆಡ್ಡಿನ ಪಕ್ಕಕ್ಕೆ ಚಾಚಿದ ಕಿವಿಯನ್ನು ತಂದು ನಿಲ್ಲಿಸಬೇಕು. ಒಂದು ಸುತ್ತು ಕಮ್ಮಿ ತಿರುಗಿಸಿದರೂ ಸಾಲು ಸರಿಯಾಗೇ ಕಾಣುತ್ತೆ, ಆದರೆ ಹೆಡ್ ಮುಂದೆ ಚಾಚಿಕೊಂಡಿರುತ್ತೆ. ಅದಕ್ಕೇ ತಳ ಮುಟ್ಟಿದೆಯಾ ಎಂದು ನೋಡಿದ ಮೇಲೆಯೇ ಸಾಲು ನೋಡಿ. ತಳ ಮುಟ್ಟುವಾಗ ಕಿವಿ ಸಾಲು ದಾಟಿ ತುಂಬಾ ಆಚೆ ಹೋಗುತ್ತಿದ್ದರೆ ತಿರುಪು ಸವೆದಿರಬಹುದು, ರಿಪೇರಿಯವರಿಗೆ ತೋರಿಸಿ.

ಇನ್ನೊಬ್ಬರ ರೈಫಲ್‌ನ ಬೋಲ್ಟಾಗಲಿ, ಹೆಡ್ಡಾಗಲಿ ಹಾಕಬೇಡಿ, ಮಾಡೆಲ್ ಒಂದೇ ಆದರೂ ಸರಿ. ಗುಂಡಿನ ಹಿಂಭಾಗಕ್ಕೂ ಬೋಲ್ಟಿಗೂ ನಡುವಿನ ಸಂದು (ಹೆಡ್‌ಸ್ಪೇಸ್) ಆಯಾ ರೈಫಲ್‌ಗೆ ಹೊಂದಿಸಿರುತ್ತಾರೆ. ಸಂದು ಜಾಸ್ತಿಯಾದರೆ ಗುಂಡಿನ ಕೇಸ್ (ಹಿತ್ತಾಳೆ ಕವಚ) ಒಡೆದು ಬಿಸಿ ಗ್ಯಾಸ್ ಮುಖದ ಕಡೆಗೇ ಬರಬಹುದು. ನಾನು ಬೋಲ್ಟ್ ಹಿಡಿಯ ಮೇಲಿನ ನಂಬರನ್ನೂ ರೈಫಲ್ ನಂಬರನ್ನೂ ಪಕ್ಕಪಕ್ಕ ಇಟ್ಟು ಓದಿದೆ.

ಬೋಲ್ಟ್ ಒಳಗೆ ತಳ್ಳಿ, ಹೆಡ್ಡನ್ನು ಹೆಬ್ಬೆರಳಲ್ಲಿ ಕೆಳಕ್ಕೆ ಒತ್ತಿದೆ. ಟಕ್ ಅಂತ ಕೂತಿತು. ಆ ಟಕ್ ಬರದಿದ್ದರೆ ಅದು ಕೂತಿಲ್ಲ ಅಂತಲೇ ಅರ್ಥ. ಬಲ ಹಾಕಬೇಡಿ, ತೆಗೆದು ಮತ್ತೆ ಸಾಲು ನೋಡಿ. ಬಡಿಯುವುದಂತೂ ಬೇಡವೇ ಬೇಡ.

ಖಾಲಿ ಪರೀಕ್ಷೆ

ಚೇಂಬರ್ ಮತ್ತೆ ನೋಡಿ, ಬಾಯಿಯನ್ನು ಮರಳಿನ ಚೀಲದ ಕಡೆ ತಿರುಗಿಸಿದೆ. ಬೋಲ್ಟ್ ಮುಂದಕ್ಕೆ ತಳ್ಳುವಾಗ ಕೊನೆಯಲ್ಲಿ ಸ್ಪ್ರಿಂಗ್ ಬಿಗಿ ಗೊತ್ತಾಗಬೇಕು. ಈ ಮಾದರಿ ಬೋಲ್ಟ್ ಮುಚ್ಚುವಾಗಲೇ ಕಾಕ್ ಆಗುತ್ತೆ, ಅಂದರೆ ಸ್ಟ್ರೈಕರ್ ಬಡಿಯಲು ಸಿದ್ಧವಾಗುತ್ತೆ. ಸೇಫ್ಟಿ ಹಾಕಿ ಕುದುರೆ (ಟ್ರಿಗರ್) ಎಳೆದೆ, ಅಲುಗಲಿಲ್ಲ. ಬೋಲ್ಟ್ ಕೂಡ ಎತ್ತಲು ಬರಲಿಲ್ಲ. ಸೇಫ್ಟಿ ತೆಗೆದು ಎಳೆದೆ, ಕಟಕ್ ಎಂದು ಚುರುಕಾಗಿ ಬಡಿಯಿತು. ಅಪ್ಪ ಒಳಗಿನಿಂದಲೇ, "ಹಾಂ, ಈಗ ಸರಿ ಇದೆ," ಎಂದರು. ಕಿವಿಯಲ್ಲೇ ಗೊತ್ತಾಯಿತು ಅವರಿಗೆ.

ಮ್ಯಾಗಜೀನ್ ಹಾಕಿ ಕೆಳಕ್ಕೆ ಜಗ್ಗಿ ನೋಡಿದೆ. ಗಟ್ಟಿ ಇದೆ.

ಬಾಕಿ ಇರುವುದು ಹೆಡ್‌ಸ್ಪೇಸ್ ಅಳತೆ. ಗೇಜ್ ಇಲ್ಲದೆ ಮನೆಯಲ್ಲಿ ಆಗುವ ಕೆಲಸವಲ್ಲ. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋಗಬೇಕು. ಅದು ಆಗುವವರೆಗೂ ಇದಕ್ಕೆ ಗುಂಡು ತುಂಬುವುದಿಲ್ಲ.