ಸುಗ್ಗಿ ಹೊತ್ತಿಗೇ ಬರುವ ಸಾಫ್ಟ್‌ವೇರ್ ಬಿಲ್

ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆಯಲ್ಲಿ ಒಂದು ರೈಸ್ ಮಿಲ್ ಇದೆ, ಅಲ್ಲಿ ಲೆಕ್ಕ ನೋಡಿಕೊಳ್ಳುವವನು ನಾನು. 2024ರ ನವೆಂಬರ್‌ನಲ್ಲಿ ಒಂದು ಬೆಳಗ್ಗೆ ಕಾಟಾ ರೂಮಿನ, ಅಂದರೆ ಗಾಡಿ ತೂಕ ಮಾಡುವ ಕಡೆಯ, ಹುಡುಗ ಫೋನ್ ಮಾಡಿದ. "ಸರ, ಸ್ಕ್ರೀನ್ ಮ್ಯಾಲೆ ಕೆಂಪು ಪಟ್ಟಿ ಬಂದೈತ್ರಿ. ಇನ್ನ ಒಂಬತ್ತು ದಿನ ಅಂತ ತೋರ್ಸಾಕತ್ತೈತಿ." ಹೋಗಿ ನೋಡಿದೆ. ಹೊರಗೆ ಭತ್ತ ತುಂಬಿದ ಟ್ರ್ಯಾಕ್ಟರ್‌ಗಳು ಗೇಟ್ ದಾಟಿ ರಸ್ತೆವರೆಗೆ ನಿಂತಿವೆ. ತೂಕ, ಸ್ಟಾಕ್, ಲೆಕ್ಕ ಎಲ್ಲ ನಡೆಯುವ ಸಾಫ್ಟ್‌ವೇರ್‌ನ ಲೈಸೆನ್ಸ್ ದುಡ್ಡು ಕಟ್ಟದಿದ್ದರೆ ಹತ್ತನೇ ದಿನ ತೂಕದ ಚೀಟಿ ಬರುವುದಿಲ್ಲ. ಚೀಟಿ ಇಲ್ಲದಿದ್ದರೆ ರೈತರಿಗೆ ದುಡ್ಡಿನ ಪಟ್ಟಿ ಮಾಡೋದು ಹೇಗೆ, ಹಮಾಲರ ಕೂಲಿ ಲೆಕ್ಕ ಹಾಕೋದು ಹೇಗೆ?

ಆ ಸಲದ ಬಿಲ್ ನೋಡಿ ನಮ್ಮ ಸಾವ್ಕಾರ್ರು ಕುರ್ಚಿಯಿಂದ ಎದ್ದೇ ಬಿಟ್ಟರು. 2019ರಲ್ಲಿ ತಗೊಂಡಾಗ ವರ್ಷದ ಶುಲ್ಕ 40,000 ರೂಪಾಯಿ. ಪ್ರತಿ ವರ್ಷ ನೂರಕ್ಕೆ ಹತ್ತು ಏರುತ್ತಾ 2023ಕ್ಕೆ 58,564 ಆಗಿತ್ತು. ಹತ್ತು ಅಂದರೆ ಸಣ್ಣದು ಅಂತ ನಾವು ಸುಮ್ನೆ ಕಟ್ಟಿಕೊಂಡು ಬಂದೆವು, ಆದರೆ ಏರಿದ ಮೊತ್ತದ ಮೇಲೆ ಮತ್ತೆ ಹತ್ತು ಏರುವುದರಿಂದ ಏಳೆಂಟು ವರ್ಷಕ್ಕೆ ಅದು ಎರಡು ಪಟ್ಟು ಆಗುತ್ತದೆ. 2024ರಲ್ಲಿ ಕಂಪನಿಯವರು ಲೆಕ್ಕದ ರೀತಿಯನ್ನೇ ಬದಲಿಸಿದರು. ಇನ್ಮೇಲೆ ಒಬ್ಬ ಬಳಕೆದಾರನಿಗೆ ತಿಂಗಳಿಗೆ 900. ನಮ್ಮಲ್ಲಿ ಎಂಟು ಲಾಗಿನ್. ವರ್ಷಕ್ಕೆ 86,400, ಮೇಲೆ 18% ಜಿಎಸ್‌ಟಿ 15,552, ಒಟ್ಟು 1,01,952.

ಜಿಎಸ್‌ಟಿ ವಾಪಸ್ ಬರುತ್ತಲ್ಲ ಅಂತ ಕಂಪನಿಯ ಹುಡುಗ ಹೇಳಿದ. ನಮಗೆ ಬರುವುದಿಲ್ಲ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ 5% ತೆರಿಗೆ ಬಂತು. ಅದಕ್ಕೇ ಎಷ್ಟೋ ಮಿಲ್‌ಗಳು 26 ಕೆಜಿ ಚೀಲಕ್ಕೆ ಹೋದವು, ನಾವೂ ಹೋದೆವು. ಮಾರಾಟಕ್ಕೆ ತೆರಿಗೆ ಇಲ್ಲ ಅಂದಮೇಲೆ ಅದಕ್ಕೆ ಸಂಬಂಧಪಟ್ಟ ಖರ್ಚಿನ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯ ವಾಪಸಾತಿ, ಕೂಡ ಇಲ್ಲ. ರೈಸ್ ಮಿಲ್ ನಡೆಸುವವರು ಸಾಫ್ಟ್‌ವೇರ್ ದರ ಹೋಲಿಸುವಾಗ ತೆರಿಗೆ ಸೇರಿಸಿದ ಅಂಕಿಯನ್ನೇ ನೋಡಿ.

ಆ ವರ್ಷ ಪೂರ್ತಿ ಕಟ್ಟಿದೆವು, ಬೇರೆ ದಾರಿ ಇರಲಿಲ್ಲ. ಭತ್ತ ಬರುವ ಹೊತ್ತಿಗೆ ದುಡ್ಡೆಲ್ಲ ಖರೀದಿಗೆ ಹೋಗಿರುತ್ತದೆ, ಒಂದು ದಿನವೂ ಕಾಟಾ ನಿಲ್ಲಿಸುವ ಹಾಗಿಲ್ಲ, ಹೊಸ ಸಾಫ್ಟ್‌ವೇರ್ ಕಲಿಯಲು ಯಾರಿಗೂ ಪುರುಸೊತ್ತಿಲ್ಲ. ಇಂಥ ಹೊತ್ತಲ್ಲಿ ಯಾರಾದರೂ ಚೌಕಾಸಿ ಮಾಡೋಕೆ ಆಗುತ್ತಾ? ನಮಗೆ ಪೆಟ್ಟು ಕೊಟ್ಟಿದ್ದು ದರಕ್ಕಿಂತ ಜಾಸ್ತಿ ಆ ತಾರೀಖು. 2019ರಲ್ಲಿ ಸುಗ್ಗಿ ಶುರುವಿನಲ್ಲಿ ತಗೊಂಡೆವು, ಹಾಗಾಗಿ ಪ್ರತಿ ವರ್ಷ ಸುಗ್ಗಿಗೇ ಬಿಲ್.

ಇದು ನಮ್ಮೊಬ್ಬರ ಪಾಡಲ್ಲ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳನ್ನೇ ನೋಡಿ. ಫೋಟೋಶಾಪ್ ಮಾಡುವ ಅಡೋಬಿ 2013ರಲ್ಲೇ ಒಮ್ಮೆ ಕೊಂಡು ಇಟ್ಟುಕೊಳ್ಳುವ ಪದ್ಧತಿ ಬಿಟ್ಟು ಚಂದಾ ಕಡೆ ಹೊರಳಿತು, ಆಟೋಡೆಸ್ಕ್ 2016ರಲ್ಲಿ. 2023ರ ನವೆಂಬರ್‌ನಲ್ಲಿ ಸರ್ವರ್ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಕಂಪನಿಯನ್ನು ಕೊಂಡ ಬ್ರಾಡ್‌ಕಾಮ್, ಮರು ತಿಂಗಳೇ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ದೊಡ್ಡವರು ನಡೆದ ದಾರಿಯಲ್ಲೇ ಸಣ್ಣ ಕಂಪನಿಗಳೂ ಬರುತ್ತಿವೆ.

2025ರಲ್ಲಿ ನಾನು ಜೂನ್‌ನಲ್ಲೇ ಕೆಲಸಕ್ಕೆ ಕೂತೆ. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಮಿಲ್‌ನಲ್ಲಿ ಕೆಲಸ ಕಡಿಮೆ. ಮೊದಲು ಅಡ್ಮಿನ್ ಪುಟ ತೆಗೆದು ಯಾರು ಕೊನೆಗೆ ಯಾವಾಗ ಲಾಗಿನ್ ಆಗಿದ್ದಾರೆ ಅಂತ ನೋಡಿದೆ. ಎಂಟರಲ್ಲಿ ಒಂದು, ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಸಿಂಧನೂರಿಗೆ ಹೋದ ಹುಡುಗನದು. ಇನ್ನೊಂದು ಸಾವ್ಕಾರ್ರ ಮಗನದು, ಒಂದೇ ಒಂದು ಸಲ ತೆರೆದಿದ್ದು. ಗೋದಾಮಿಗೆ ಎರಡಿದ್ದವು, ಬಳಸುತ್ತಿದ್ದದ್ದು ಒಂದು. ಮತ್ತೊಂದು ಸಾವ್ಕಾರ್ರದೇ. ಅವರಿಗೆ ಬೇಕಿದ್ದದ್ದು ಸಂಜೆಯ ಸ್ಟಾಕ್ ರಿಪೋರ್ಟ್ ಮಾತ್ರ, ಅದನ್ನು ನಾನೇ ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಕು. ಉಳಿದದ್ದು ನಾಲ್ಕು. ಕಾಟಾಕ್ಕೆ ಎರಡು, ಗೋದಾಮಿಗೆ ಒಂದು, ನನಗೆ ಒಂದು. ನಾಲ್ಕು ಖಾಲಿ ಕುರ್ಚಿಗೆ ತೆರಿಗೆ ಸೇರಿ 50,976 ರೂಪಾಯಿ ಕಟ್ಟಿದ್ದೆವು. ಇದನ್ನು ಬರೆಯುವಾಗ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಇಆರ್‌ಪಿನೆಕ್ಸ್ಟ್ ಎಂಬ ಬೇರೆ ಸಾಫ್ಟ್‌ವೇರ್ ಹಾಕಿ ಒಂದು ತಿಂಗಳು ನೋಡಿದೆ. ಅದು ಮುಕ್ತ ತಂತ್ರಾಂಶ, ಲೈಸೆನ್ಸ್ ಶುಲ್ಕ ಇಲ್ಲ. ಖರೀದಿ, ಸ್ಟಾಕ್, ಲೆಕ್ಕ ಎಲ್ಲ ಚೆನ್ನಾಗಿದೆ. ಆದರೆ ನಮ್ಮ ಕಡೆ ಭತ್ತದ ರೇಟು 75 ಕೆಜಿ ಚೀಲಕ್ಕೆ, ತೂಕ ಬರುವುದು ಕ್ವಿಂಟಲ್‌ನಲ್ಲಿ, ತೇವಕ್ಕೆ ಕಡಿತ ಬೇರೆ, ಹಮಾಲಿ ಲೆಕ್ಕ ಬೇರೆ. ಇದನ್ನೆಲ್ಲ ಕೂಡಿಸಬೇಕು, ಸರ್ವರ್ ನೋಡಿಕೊಳ್ಳಲು ಒಬ್ಬರು ಬೇಕು. ಶುಲ್ಕ ಇಲ್ಲ ಅಂದರೆ ಖರ್ಚೇ ಇಲ್ಲ ಅಂತಲ್ಲ. ಸದ್ಯಕ್ಕೆ ಬಿಟ್ಟೆವು. ಆದರೂ ಆ ತಿಂಗಳು ವ್ಯರ್ಥ ಆಗಲಿಲ್ಲ. ಮಾತಿಗೆ ಕೂತಾಗ "ಬೇರೆಯದು ಹಾಕಿ ನೋಡಿದೀವ್ರಿ, ಹಿಂಗಿಂಗ ಆಗ್ತೈತಿ" ಅಂತ ನಿಜವಾಗಿ ಹೇಳುವ ಧೈರ್ಯ ಬಂತು. ಆಫೀಸಿನ ಮೂರು ಕಂಪ್ಯೂಟರಿಗೆ ಮಾತ್ರ ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶ ಹಾಕಿದೆವು, ನುಡಿ ಫಾಂಟ್‌ನ ಹಳೇ ಹಮಾಲರ ಪಟ್ಟಿಯೂ ಅದರಲ್ಲಿ ತೆರೆಯಿತು.

ಜುಲೈನಲ್ಲಿ ಕಂಪನಿಯವರನ್ನು ಮಿಲ್‌ಗೇ ಕರೆಸಿ ನಾಲ್ಕು ವಿಷಯ ಕೇಳಿದೆ. ಲಾಗಿನ್ ನಾಲ್ಕೇ ಸಾಕು. ನವೆಂಬರ್‌ನಿಂದ ಜುಲೈವರೆಗೆ ಒಂಬತ್ತು ತಿಂಗಳಿಗೆ ಮಾತ್ರ ಕಟ್ಟುತ್ತೇವೆ, ಅಲ್ಲಿಂದ ಮುಂದೆ ವರ್ಷ ಆಗಸ್ಟ್‌ಗೆ ಶುರುವಾಗಲಿ. ದರ ಏರಿಕೆ ವರ್ಷಕ್ಕೆ 5% ದಾಟಬಾರದು, ಅದು ಬರಹದಲ್ಲಿ ಇರಲಿ. ನಮ್ಮ ಹಳೇ ಡೇಟಾ ಪೂರ್ತಿ ನಮ್ಮ ಕೈಗೆ ಬರಲಿ. ಮೊದಲ ಎರಡಕ್ಕೆ ಒಪ್ಪಿದರು. ಏರಿಕೆ ಮಾತ್ರ ವರ್ಷಕ್ಕೆ 7%ಕ್ಕೆ ನಿಂತಿತು, ಅದೂ ಎರಡು ವರ್ಷದ ಮಟ್ಟಿಗೆ. ಬಾಯಿ ಮಾತಲ್ಲಿ ಬೇಡ ಅಂತ ಇಮೇಲ್ ಬರುವವರೆಗೂ ಬಿಡಲಿಲ್ಲ.

ಡೇಟಾ ವಿಷಯ ಯಾಕೆ ಅಷ್ಟು ಹಟ ಅಂದರೆ, ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕದ ದಾಖಲೆಯನ್ನು ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟಿರಬೇಕು. ಚಂದಾ ನಿಂತ ದಿನ ಲೆಕ್ಕವೂ ತೆರೆಯದಿದ್ದರೆ ದಾಖಲೆ ಇದ್ದೂ ಇಲ್ಲದ ಹಾಗೆ ಅಲ್ವಾ? ಈಗ ಪ್ರತಿ ತಿಂಗಳ ಕೊನೆಗೆ ಲೆಡ್ಜರ್, ಸ್ಟಾಕ್, ತೂಕದ ಚೀಟಿ ಮೂರನ್ನೂ ಎಕ್ಸೆಲ್‌ಗೆ ಇಳಿಸಿ ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇಡುತ್ತೇನೆ. ಒಂದು ಮಿಲ್‌ನಲ್ಲಿ, ಇನ್ನೊಂದು ಸಾವ್ಕಾರ್ರ ಮನೆ ಬೀರುವಿನಲ್ಲಿ.

ಕಾಟಾ ಮೇಲೆ ಲಾರಿ ನಿಂತಾಗ ಕ್ಯಾಮೆರಾ ತೆಗೆದ ಹಳೇ ಫೋಟೋಗಳು ಮಾತ್ರ ಇನ್ನೂ ಅವರ ಸರ್ವರ್‌ನಲ್ಲೇ ಇವೆ. ಕೊಡುತ್ತೇವೆ ಅಂದಿದ್ದಾರೆ, ಕೊಟ್ಟಿಲ್ಲ. ಸೋಮವಾರ ಮತ್ತೆ ಫೋನ್ ಮಾಡಬೇಕು.