ಶತ್ರು ಪಕ್ಕದಲ್ಲೇ ನಿಂತಾಗ ಸ್ಪೆಲ್ ಹಾಕುವ ಲೆಕ್ಕ

ಶತ್ರು ಪಕ್ಕದ ಚೌಕಕ್ಕೆ ಬಂದ ಕೂಡಲೇ "ಡಿಫೆನ್ಸಿವ್ ಆಗಿ ಹಾಕ್ತೇನೆ" (ಏಟಿಗೆ ಎಡೆಕೊಡದೆ ಎಚ್ಚರದಿಂದ ಸ್ಪೆಲ್, ಅಂದರೆ ಮಂತ್ರ ಹಾಕ್ತೇನೆ) ಅನ್ನುವುದು ಮಾಂತ್ರಿಕನ ಪಾತ್ರ ಆಡುವವರಿಗೆ ಬಾಯಿಪಾಠವಾಗಿದೆ. ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಪಾತ್‌ಫೈಂಡರ್ ಆಟದ ಮೊದಲ ಆವೃತ್ತಿಯಲ್ಲಿ (2009) ಅದು ಎಷ್ಟೋ ಸಲ ನಷ್ಟದ ಬಾಬ್ತು.

ಕಾರವಾರದ ಬಳಿಯ ಸದಾಶಿವಗಡದ ಬುಡದಲ್ಲಿ, ಕಾಳಿ ನದಿ ಸಮುದ್ರ ಸೇರುವ ದಂಡೆಯೇ ನಮ್ಮ ನಕ್ಷೆ ಎಂದಿಟ್ಟುಕೊಳ್ಳಿ. 5ನೇ ಲೆವೆಲ್ ವಿಝಾರ್ಡ್, ಇಂಟೆಲಿಜೆನ್ಸ್ 18. ಕಾನ್ಸಂಟ್ರೇಶನ್ ಚೆಕ್‌ಗೆ (ಗಮನ ಕೆಡದೆ ಸ್ಪೆಲ್ ಮುಗಿಯಿತೇ ಎಂದು 20 ಮುಖದ ಡೈಸ್ ಉರುಳಿಸಿ ನೋಡುವುದು) ಲೆವೆಲ್ 5, ಇಂಟೆಲಿಜೆನ್ಸಿನ ಬೋನಸ್ 4 ಸೇರಿ +9. ಡಿಫೆನ್ಸಿವ್ ಆಗಿ ಹಾಕಲು ಡಿಸಿ (ಡೈಸೂ ಬೋನಸ್ಸೂ ಸೇರಿ ಮುಟ್ಟಬೇಕಾದ ಮೊತ್ತ) 15 ಮತ್ತು ಸ್ಪೆಲ್ ಲೆವೆಲಿನ ಎರಡು ಪಟ್ಟು. ಫೈರ್‌ಬಾಲ್ 3ನೇ ಲೆವೆಲಿನದು, ಹಾಗಾಗಿ ಡಿಸಿ 21. ಡೈಸ್ 12 ಅಥವಾ ಮೇಲೆ ಬೀಳಬೇಕು, ಅಂದರೆ ಶೇ 45. ತಪ್ಪಿದರೆ ಏಟು ಬೀಳುವುದಿಲ್ಲ, ಆದರೆ ಸ್ಪೆಲ್ಲೂ ಸ್ಲಾಟೂ (ಆ ದಿನದ ಸ್ಪೆಲ್ ಲೆಕ್ಕದಲ್ಲಿ ಒಂದು) ಎರಡೂ ಹೋಯಿತು.

ಈಗ ಡಿಫೆನ್ಸಿವ್ ಬಿಟ್ಟು ಹಾಗೆಯೇ ಹಾಕುವ ದಾರಿ ನೋಡಿ. ಎದುರಾಳಿಗೆ ಒಂದು ಆಪರ್ಚುನಿಟಿ ಅಟ್ಯಾಕ್ (ನಿಮ್ಮ ಎಚ್ಚರ ತಪ್ಪಿದಾಗಿನ ಬಿಟ್ಟಿ ಏಟು) ಸಿಗುತ್ತದೆ. ಅವನ ಅಟ್ಯಾಕ್ +5, ಮೇಜ್ ಆರ್ಮರ್ (ಮಂತ್ರದ ಕವಚ) ಹಾಕಿಕೊಂಡ ನಿಮ್ಮ ಎಸಿ (ಏಟು ತಾಗಲು ಅವನು ಮುಟ್ಟಬೇಕಾದ ಮೊತ್ತ) 16 ಆದರೆ ಏಟು ತಾಗುವುದು ಶೇ 50 ಮಾತ್ರ. ತಾಗಿ 9 ಡ್ಯಾಮೇಜ್ ಆಯಿತು ಅನ್ನಿ, ಸ್ಪೆಲ್ ಉಳಿಸಲು ಅದೇ ಚೆಕ್: ಡಿಸಿಗೆ ಮೂಲ 10, ಡ್ಯಾಮೇಜ್ 9, ಸ್ಪೆಲ್ ಲೆವೆಲ್ 3, ಒಟ್ಟು 22. ಡೈಸ್ 13 ಬೇಕು, ಶೇ 40. ತಾಗದ 50, ತಾಗಿಯೂ ಉಳಿಯುವ 20 ಕೂಡಿಸಿದರೆ ಶೇ 70! ಬೆಲೆ ಏನೆಂದರೆ ಅರ್ಧ ಸಲ 9 ಹಿಟ್ ಪಾಯಿಂಟ್ (ಜೀವದ ಅಂಕ). ಮೈಯಲ್ಲಿ 25ರ ಮೇಲಿದ್ದು ಆ ಫೈರ್‌ಬಾಲ್ ಕಾಳಗ ಮುಗಿಸುವಂತಿದ್ದರೆ ಬಿಟ್ಟು ಹಾಕುವುದೇ ಸರಿ. ಇಬ್ಬರು ಸುತ್ತುವರಿದಿದ್ದರೆ ಅಥವಾ ಎದುರಿಗಿರುವವನು ದೊಡ್ಡ ಕೊಡಲಿಯವನಾದರೆ ಈ ಲೆಕ್ಕ ನಿಲ್ಲುವುದಿಲ್ಲ. ಕಾಂಬ್ಯಾಟ್ ಕಾಸ್ಟಿಂಗ್ ಫೀಟ್ (ಪಾತ್ರದ ವಿಶೇಷ ಪರಿಣತಿ) ಇದ್ದವರಿಗೆ +4 ಸೇರಿ ಡಿಫೆನ್ಸಿವ್ ಶೇ 65ಕ್ಕೆ ಏರುತ್ತದೆ, ಏಟೂ ಇಲ್ಲ, ಆಗ ಅದನ್ನೇ ಆರಿಸಿಕೊಳ್ಳಿ. ಎದುರಾಳಿ ಫೈಟರ್‌ಗೆ ಡಿಸ್ರಪ್ಟಿವ್ ಫೀಟ್ ಇದ್ದರೆ ಡಿಸಿಗೂ 4 ಕೂಡುತ್ತದೆ, ಕಾಂಬ್ಯಾಟ್ ಕಾಸ್ಟಿಂಗಿನ +4 ಅಲ್ಲಿಗೇ ಚುಕ್ತಾ.

ಇಷ್ಟೆಲ್ಲಕ್ಕೂ ಮೊದಲು ಐದು ಅಡಿ ಸರಿಯಲು ಜಾಗ ಇದೆಯೇ ನೋಡಬೇಕು. ಆ ಹೆಜ್ಜೆಗೆ ಏಟಿಲ್ಲ. ಆದರೆ ಗೇಮ್ ಮಾಸ್ಟರ್ (ಆಟ ನಡೆಸುವವರು) ದಂಡೆಯ ಸಡಿಲ ಮರಳನ್ನು ಡಿಫಿಕಲ್ಟ್ ಟೆರೇನ್ (ನಡೆಯಲು ಕಷ್ಟದ ನೆಲ) ಎಂದಿದ್ದರೆ ಆ ಹೆಜ್ಜೆಯೂ ಇಲ್ಲ. ಉದ್ದ ಭರ್ಚಿ ಹಿಡಿದವನು ಎದುರಿದ್ದರೆ ಹಿಂದೆ ಸರಿಯಬೇಡಿ, ಅವನ ಹತ್ತಿರಕ್ಕೇ ಹೋಗಿ. ಲಾಂಗ್‌ಸ್ಪಿಯರ್ ಹತ್ತು ಅಡಿ ದೂರಕ್ಕೆ ಮುಟ್ಟುತ್ತದೆ, ಪಕ್ಕದ ಚೌಕಕ್ಕಲ್ಲ.

ರೇ (ಕಿರಣ ಬಿಡುವ) ಸ್ಪೆಲ್ಲುಗಳಲ್ಲಿ ಬಹಳ ಜನ ಜಾರುತ್ತಾರೆ. ಸ್ಕಾರ್ಚಿಂಗ್ ರೇಯನ್ನು ಡಿಫೆನ್ಸಿವ್ ಆಗಿ ಹಾಕಿ ಗೆದ್ದರೂ ಗುರಿಯಿಟ್ಟು ಬಿಡುವುದು ರೇಂಜ್ಡ್ ಅಟ್ಯಾಕ್ (ದೂರದಿಂದ ಹೊಡೆಯುವುದು), ಅದಕ್ಕೆ ಬೇರೆಯೇ ಏಟು ಬೀಳುತ್ತದೆ. ಶಾಕಿಂಗ್ ಗ್ರ್ಯಾಸ್ಪ್‌ನಂಥ ಮುಟ್ಟುವ ಸ್ಪೆಲ್ಲಿಗೆ ಈ ಎರಡನೇ ಕಾಟವಿಲ್ಲ. ಇನ್ನು "ಅವನು ಸ್ಪೆಲ್ ಶುರು ಮಾಡಿದರೆ ಬಾಣ ಬಿಡ್ತೇನೆ" ಎಂದು ರೆಡಿ ಮಾಡಿಟ್ಟುಕೊಂಡವನ ಎದುರು ಡಿಫೆನ್ಸಿವ್ ಏನೂ ಕೆಲಸ ಮಾಡುವುದಿಲ್ಲ. ಅದು ತಡೆಯುವುದು ಆಪರ್ಚುನಿಟಿ ಅಟ್ಯಾಕನ್ನು ಮಾತ್ರ.

ಕಾದಾಟ ನೀರಿಗಿಳಿದರೆ ನಿಯಮ ಇನ್ನೂ ಸೊಗಸು. ಕೂರ್ಮಗಡ ದ್ವೀಪಕ್ಕೆ ಹೊರಟ ಸಣ್ಣ ದೋಣಿ ಅಲೆಗೆ ಕುಲುಕುತ್ತಿದ್ದರೆ ಡಿಸಿ 10 ಮತ್ತು ಸ್ಪೆಲ್ ಲೆವೆಲ್. ಅದೇ ದೋಣಿ ಆಷಾಢದ ಬಿರುಗಾಳಿಗೆ ಸಿಕ್ಕಿದರೆ, ಅಥವಾ ದಾಂಡೇಲಿ ಕಡೆಯ ರಭಸದ ಇಳುಕಲಿನಲ್ಲಿದ್ದರೆ, 15 ಮತ್ತು ಸ್ಪೆಲ್ ಲೆವೆಲ್. ನಮ್ಮ ವಿಝಾರ್ಡ್‌ಗೆ ಫೈರ್‌ಬಾಲಿಗೆ 18 ಬೇಕು, ಶೇ 60. ಕಣ್ಣು ಕಟ್ಟುವ ಗಾಳಿಮಳೆಗೆ 5 ಮತ್ತು ಸ್ಪೆಲ್ ಲೆವೆಲ್, ಅಂದರೆ 8. +9 ಇದ್ದವನು ಡೈಸ್ ಉರುಳಿಸುವುದೇ ಬೇಡ, ಈ ಚೆಕ್‌ನಲ್ಲಿ 1 ಬಿದ್ದರೂ ತಾನಾಗಿ ಸೋಲಿಲ್ಲ. ಕುಲುಕಾಟಕ್ಕೊಂದು, ಡಿಫೆನ್ಸಿವ್‌ಗೊಂದು ಎಂದು ಚೆಕ್‌ಗಳನ್ನು ಬೇರೆ ಬೇರೆ ಹಾಕಿಸುವುದೇ ನನಗೆ ನ್ಯಾಯ ಅನ್ನಿಸುತ್ತದೆ. ಆಗ ಬಿರುಗಾಳಿಯ ದೋಣಿಯಲ್ಲಿ ಶತ್ರು ಪಕ್ಕದಲ್ಲಿರುವಾಗ ಫೈರ್‌ಬಾಲ್ ಆಗುವುದು ಶೇ 27. ಅಲ್ಲಿ ಮೊದಲ ಲೆವೆಲಿನ ಗ್ರೀಸ್ (ನೆಲ ಜಾರಿಸುವ ಸ್ಪೆಲ್) ಹಾಕಿ: ಕುಲುಕಾಟಕ್ಕೆ 16, ಡಿಫೆನ್ಸಿವ್‌ಗೆ 17, ಎರಡೂ ಸೇರಿ ಶೇ 45ರ ಮೇಲೆ.