ಮಂಡಕ್ಕಿ ಚೀಲದ ಹಗ್ಗ ಮತ್ತು ನನ್ನ 500 ರೂಪಾಯಿ

ನಮ್ಮ ಮನೆತನದಲ್ಲಿ ಕೋರ್ಟಿಗೆ ಹೋದವರೆಲ್ಲ ಹೊಲದ ಬದುವಿನ ಜಗಳಕ್ಕೆ ಹೋದವರು. ನಾನು ಹೋಗಿದ್ದು ಹೆಲ್ಮೆಟ್ ಕೇಸಿಗೆ. ಅದೂ ನನ್ನದಲ್ಲದ ಗಾಡಿ, ನನ್ನದಲ್ಲದ ತಲೆ.

ಒಂದು ಮಧ್ಯಾಹ್ನ ಪೊಲೀಸರೊಬ್ಬರು ದಾವಣಗೆರೆ ನಿಟುವಳ್ಳಿಯ ನಮ್ಮ ಮನೆಗೆ ಬಂದು ಸಮನ್ಸ್ ಕೊಟ್ಟು, ಸಹಿ ಹಾಕಿಸಿಕೊಂಡು, ನೀರು ಕುಡಿದು ಹೋದರು. ಅದಕ್ಕೂ ಮುಂಚೆ ಒಂದು ಮೆಸೇಜೂ ಇಲ್ಲ ಅಂತ ಕೂಗಾಡಿದೆ. ಆಮೇಲೆ ನೋಡಿದರೆ ಆರ್‌ಸಿಯಲ್ಲಿ ಇದ್ದದ್ದು ನಾನು ಯಾವತ್ತೋ ಬಿಟ್ಟ ಹಳೇ ಮೊಬೈಲ್ ನಂಬರ್. ಅಷ್ಟರ ಮಟ್ಟಿಗೆ ತಪ್ಪು ನಂದೇ. ನೀವೂ ಒಂದ್ಸಲ ಸಾರಿಗೆ ಇಲಾಖೆಯ ಪರಿವಾಹನ್ ಸೈಟಿನಲ್ಲಿ ನಿಮ್ಮ ನಂಬರ್ ನೋಡ್ಕೊಳ್ಳಿ.

ಆನ್‌ಲೈನ್‌ನಲ್ಲಿ ಕೇಸಿನ ಫೋಟೊ ತೆಗೆದು ನೋಡಿದೆ. ಅರುಣಾ ಟಾಕೀಸ್ ಸರ್ಕಲ್. ಕಪ್ಪು ಬೈಕು, ಹಿಂದೆ ಆಳೆತ್ತರದ ಮಂಡಕ್ಕಿ ಚೀಲ, ಅದರ ಮೇಲೆ ಇಣುಕುತ್ತಿರುವ ಒಂದು ಬೋಳುತಲೆ. ಚೀಲಕ್ಕೆ ಕಟ್ಟಿದ ಹಗ್ಗ ಜೋತುಬಿದ್ದು ನಂಬರ್ ಪ್ಲೇಟಿನ ಮೇಲೆ ಬಂದಿದೆ. ಆ ಹಗ್ಗದಿಂದಾಗಿ 3 ಅನ್ನೋದು 8 ಆಗಿದೆ, 8 ಆದ ಕೂಡಲೇ ಅದು ನನ್ನ ಗಾಡಿ ಆಗಿದೆ. ನಂದು ಬಿಳಿ ಆಕ್ಟಿವಾ! ನಂಬರ್ ಓದಿದ್ದು ಯಂತ್ರವೋ ಮನುಷ್ಯರೋ, ಯಾರೇ ಆಗಲಿ, ಬೈಕಿಗೂ ಸ್ಕೂಟರಿಗೂ ವ್ಯತ್ಯಾಸ ಗೊತ್ತಾಗಬೇಡ್ವಾ?

ಠಾಣೆಗೆ ಹೋದೆ. ಕೇಸ್ ಕೋರ್ಟಿಗೆ ಹೋಗಿದೆ ಮೇಡಂ, ಇನ್ನು ಅಲ್ಲೇ ಹೇಳ್ಕೊಳ್ಳಿ ಅಂದರು.

ನಮ್ಮನೆಯವರದ್ದು ಬೇರೆ ಲೆಕ್ಕ. "2023ರ ಫೆಬ್ರವರಿಯಲ್ಲಿ ದಂಡ ಅರ್ಧಕ್ಕೆ ಬಿಟ್ಟರು, 2025ರಲ್ಲೂ ಬಿಟ್ಟರು, ಮತ್ತೆ ಬಿಡ್ತಾರೆ. 250 ಬಿಸಾಕಿ ಕೈ ತೊಳ್ಕೊ." 2019ರಲ್ಲಿ ಕೇಂದ್ರ ಹೆಲ್ಮೆಟ್ ದಂಡವನ್ನು 1000 ಮಾಡಿದಾಗ ನಮ್ಮ ರಾಜ್ಯ ಅದನ್ನು 500ಕ್ಕೆ ಇಳಿಸಿತು, ಮತ್ತೆ ಬಿಟ್ಟರೆ ಅದರಲ್ಲೂ ಅರ್ಧ, ಇನ್ನೇನು ಬೇಕು ನಿನಗೆ ಅನ್ನೋ ಧಾಟಿ. ನಿಜ ಹೇಳಬೇಕಂದ್ರೆ, ಬೆಳಿಗ್ಗೆ ಹಾಲು ತರೋಕೆ ನಾನೂ ಎಷ್ಟೋ ಸಲ ಬರಿತಲೆಯಲ್ಲಿ ಹೋಗಿದ್ದೇನೆ. ಆ ಫೋಟೊ ಬಂದಿದ್ರೆ ಬಾಯಿ ಮುಚ್ಕೊಂಡು ಕಟ್ಟಿಬಿಡ್ತಿದ್ದೆ. ಆದರೆ ಇಲ್ಲಿ ದುಡ್ಡು ಕಟ್ಟೋದು ಅಂದ್ರೆ ಸುಮ್ನೆ ದುಡ್ಡು ಕಟ್ಟೋದಲ್ಲ, ತಪ್ಪು ಒಪ್ಪಿಕೊಳ್ಳೋದು. ಇಂಥ ಸಣ್ಣ ಕೇಸುಗಳಲ್ಲಿ ಕೋರ್ಟಿಗೆ ಬರದೆಯೇ, ಬರೆದು ಕಳಿಸಿ ಒಪ್ಪಿಕೊಳ್ಳೋ ದಾರಿಯೂ ಕಾನೂನಿನಲ್ಲಿದೆ. ಒಪ್ಪಿಕೊಳ್ಳೋದಕ್ಕೆ ಎಷ್ಟೊಂದು ಅನುಕೂಲ ನೋಡಿ.

ವಕೀಲರನ್ನು ಇಡಲಿಲ್ಲ. ಇಂಥದ್ದಕ್ಕೆ ನಾವೇ ನಿಂತು ಹೇಳಬಹುದು. ಪಕ್ಕದ ಮನೆಯ ಹುಡುಗಿ ಈಗಷ್ಟೇ ಪ್ರಾಕ್ಟೀಸ್ ಶುರು ಮಾಡಿದ್ದಾಳೆ, ಆರ್‌ಸಿ ಜೆರಾಕ್ಸು, ಗಾಡಿಯ ಹಿಂಭಾಗದ ಫೋಟೊ, ಕೇಸಿನ ಫೋಟೊದ ಕಲರ್ ಪ್ರಿಂಟು ಮೂರೂ ಎರಡೆರಡು ಸೆಟ್ ಇಟ್ಕೊಳ್ಳಿ ಆಂಟಿ ಅಂದಳು.

ಹನ್ನೊಂದಕ್ಕೆ ಹೋಗಿ ಕೂತೆ. ಪೆಟ್ಟಿ ಕೇಸುಗಳು ಬಸ್ ಟಿಕೆಟ್ ಹರಿದ ಹಾಗೆ ಹೋಗ್ತವೆ. ಹೆಸರು ಕೂಗ್ತಾರೆ, ಮುಂದೆ ಹೋಗ್ತಾರೆ, "ಒಪ್ಕೋತೀನಿ ಸ್ವಾಮಿ", ದಂಡ, ಮುಂದಿನವರು. ಆನಗೋಡು ಕಡೆಯ ಅಜ್ಜ ಒಬ್ಬರು ದೊಡ್ಡ ರುಮಾಲು ಸುತ್ಕೊಂಡು ಬಂದಿದ್ದರು. "ಇದರ ಮ್ಯಾಲೆ ಹೆಲ್ಮೆಟ್ ಹೆಂಗ್ ಹಾಕ್ಲಿ ಸ್ವಾಮಿ, ನೀವೇ ಹೇಳ್ರಿ" ಅಂದರು. ಇಡೀ ಹಾಲ್ ನಕ್ಕಿತು, ಮ್ಯಾಜಿಸ್ಟ್ರೇಟ್ ಸಾಹೇಬರೂ ನಕ್ಕರು. ರುಮಾಲಿಗೆ ವಿನಾಯಿತಿ ಇರೋದು ಸಿಖ್ಖರಿಗೆ ಮಾತ್ರ. ಅಜ್ಜ ದಂಡ ಕಟ್ಟಿ, ರುಮಾಲು ಸರಿಮಾಡ್ಕೊಂಡು ಹೋದರು.

ನನ್ನ ಸರದಿ ಬಂತು. ಆಪಾದನೆ ಓದಿ, ಒಪ್ಪಿಕೊಳ್ತೀರಾ ಅಂದರು. "ಇಲ್ಲ ಸ್ವಾಮಿ" ಅಂದೆ. ಪಟಪಟ ಅಂತ ಟೈಪ್ ಮಾಡ್ತಿದ್ದವರು ಕೈ ನಿಲ್ಲಿಸಿ ತಲೆ ಎತ್ತಿ ನೋಡಿದರು. ಫೋಟೊ ತೋರಿಸಿ, ಇದು ನಾನಲ್ಲ, ಇವರಿಗೆ ಕೂದಲೇ ಇಲ್ಲ ಅಂತ ಶುರು ಮಾಡಿದೆ. ಸರ್ಕಾರಿ ವಕೀಲರು ಅಲ್ಲೇ ತಡೆದರು: "ನೀವಲ್ಲ ಅಂದ್ರೆ ಆಗಲ್ಲಮ್ಮ. ಗಾಡಿ ನಿಮ್ಮದಾದ್ರೆ ಯಾರಿಗೆ ಕೊಟ್ಟಿದ್ರಿ ಹೇಳಬೇಕು." ಮನೆಯಲ್ಲಿ ಒಂದು ವಾರ ಅಭ್ಯಾಸ ಮಾಡಿದ್ದ ಭಾಷಣ ಅಲ್ಲಿಗೇ ಮುಗೀತು. ಸರಿಯಾದ ಮಾತೇ, ಗಾಡಿ ಓಡಿಸಿದ್ದು ಯಾರು ಅಂತ ಪೊಲೀಸರು ಕೇಳಿದರೆ ಮಾಲೀಕರು ಹೇಳಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನಲ್ಲಿದೆ. ಬೋಳುತಲೆ ಇಟ್ಕೊಂಡು ವಾದ ಮಾಡಿದ್ರೆ ಸೋಲ್ತಿದ್ದೆ. ಆಗ ಆರ್‌ಸಿ ಮುಂದಿಟ್ಟೆ. ಗಾಡಿಯೇ ಬೇರೆ ಸ್ವಾಮಿ, ಇದು ಸ್ಕೂಟರು, ಅದು ಬೈಕು, ಹಗ್ಗ ನೋಡಿ ಅಂದೆ. ಸಾಹೇಬರು ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಪೊಲೀಸರಿಂದ ವರದಿ ತರಿಸಿ ಅಂದರು. ಡೇಟ್ ಕೊಟ್ಟರು.

ಎರಡನೇ ಡೇಟಿಗೆ ಸಾಹೇಬರು ರಜೆ. ಮೂರನೆಯದಕ್ಕೆ ವರದಿ ಬಂದಿತ್ತು, ನಂಬರ್ ತಪ್ಪಾಗಿ ಓದಲಾಗಿದೆ ಅಂತ ಒಂದೇ ಸಾಲು. ಇಂಥ ಕೇಸನ್ನು ವಿಚಾರಣೆ ಮುಂದುವರಿಸದೆ ಅಲ್ಲಿಗೇ ನಿಲ್ಲಿಸೋ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ, ಕ್ರಿಮಿನಲ್ ಕೇಸು ನಡೆಸೋ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 281ನೇ ಕಲಮು ಅಂತ ಪಕ್ಕದ ಮನೆ ಹುಡುಗಿ ಆಮೇಲೆ ಹೇಳಿದಳು. ನನಗೆ ಕೇಳಿಸಿದ್ದು "ಆಯ್ತು, ಹೋಗಮ್ಮ" ಅಷ್ಟೇ.

ಮೂರು ದಿನ ರಜೆ, ಆಟೊ, ಜೆರಾಕ್ಸು ಸೇರಿ ಖರ್ಚು 500 ದಾಟಿದೆ. ಎಷ್ಟು ಅಂತ ಮನೆಯಲ್ಲಿ ಹೇಳಿಲ್ಲ. ಆದೇಶದ ನಕಲಿಗೆ ಅರ್ಜಿ ಹಾಕಿ ತಗೊಂಡೆ, ಅದು ಒಳ್ಳೇದೇ ಆಯ್ತು, ಯಾಕಂದ್ರೆ ಆನ್‌ಲೈನ್‌ನಲ್ಲಿ ನನ್ನ ಹೆಸರಿನ ಮುಂದೆ ಆ 500 ಇನ್ನೂ ಬಾಕಿ ಅಂತಲೇ ತೋರಿಸ್ತಿದೆ. ನಕಲಿನ ಒಂದು ಜೆರಾಕ್ಸ್ ಗಾಡಿಯ ಡಿಕ್ಕಿಯಲ್ಲಿ ಹೆಲ್ಮೆಟ್ ಕೆಳಗೆ ಇಟ್ಟಿದ್ದೇನೆ.